ಮನಃಕ್ಲೇಶದ ಕುರುಹುಗಳು: ಮೆದುಳಿನ ಗಡ್ಡೆಯನ್ನು ಕುರಿತ ಎರಡು ಗ್ರಂಥಗಳ ವಿಮರ್ಶೆ

೧

ವ್ಯಾಧಿಯು ಕಾವ್ಯಕ್ಕೆ ಹೊಸ ವಸ್ತುವೇನೂ ಅಲ್ಲ. ಭರತಮುನಿಯು ೩೩ ವ್ಯಭಿಚಾರಿಭಾವಗಳನ್ನು ಎಣಿಸುವಾಗ ಗ್ಲಾನಿ, ಜಡತೆ, ಅಪಸ್ಮಾರ, ಉನ್ಮಾದ, ವ್ಯಾಧಿ, ಮರಣ ಇವುಗಳನ್ನೂ ಸೇರಿಸಿಯೇ ಎಣಿಸಿರುವನು. ಆದರೆ ಆ ಸಂಪ್ರದಾಯದಲ್ಲಿ ವ್ಯಾಧಿಯು ಮತ್ತೊಂದು ಸ್ಥಾಯಿಭಾವದ ಸಹಚಾರಿಯಾಗಿ ಬಂದು ಹೋಗುವುದೇ ಹೊರತು ತಾನೇ ಸಿಂಹಾಸನವನ್ನೇರಿ ಕುಳಿತುಕೊಳ್ಳುವುದಿಲ್ಲ. ವಿರಹಿಣಿಯ ಜ್ವರವು ಶೃಂಗಾರಕ್ಕೆ ಅಂಗವಾಗುವುದು. ಪುತ್ರಶೋಕದಿಂದ ಮೂರ್ಛೆಹೋದ ತಂದೆಯ ಮೂರ್ಛೆಯು ಕರುಣಕ್ಕೆ ಅಂಗವಾಗುವುದು. ರೋಗವೇ ವಸ್ತುವಾಗಿ, ರೋಗಿಯೇ ಗ್ರಂಥಕರ್ತನಾಗಿ, ಆಸ್ಪತ್ರೆಯೇ ರಂಗಸ್ಥಳವಾಗಿರುವ ಗದ್ಯಗ್ರಂಥಗಳು ಬಹುಮಟ್ಟಿಗೆ ಈಚಿನ ಕಾಲದ ಬೆಳೆ.

ಇಂತಹ ಗ್ರಂಥಗಳಲ್ಲಿ ಮೆದುಳಿನ ಗಡ್ಡೆಯನ್ನು ಕುರಿತವುಗಳಿಗೆ ಒಂದು ಪ್ರತ್ಯೇಕವಾದ ಸ್ಥಾನವುಂಟು. ಕಾಲು ಮುರಿದವನು ತನ್ನ ಕಾಲಿನ ನೋವನ್ನು ವರ್ಣಿಸುವಾಗ ನೋಯುವ ಅಂಗ ಬೇರೆ, ಆ ನೋವನ್ನು ಅರಿತು ಹೇಳುವ ಮನಸ್ಸು ಬೇರೆ. ಮೆದುಳಿನ ರೋಗದಲ್ಲಿಯಾದರೋ ಸಾಕ್ಷಿಯೇ ಪ್ರತಿವಾದಿಯಾಗಿ ನಿಲ್ಲುವನು. ಯಾವುದು ತಿಳಿದುಕೊಳ್ಳಬೇಕೋ ಅದಕ್ಕೇ ಪೆಟ್ಟು ಬಿದ್ದಿರುವುದು. ಅವನ ಅಳು ದುಃಖದಿಂದ ಬಂದುದೆ, ಗಡ್ಡೆಯ ಒತ್ತಡದಿಂದ ಬಂದುದೆ? ಅವನ ಮೌನವು ಧೈರ್ಯವೆ, ನಿರಾಶೆಯೆ, ಇಲ್ಲವೆ ಮಾತಿನ ಕೇಂದ್ರಕ್ಕೆ ಒದಗಿದ ಹಾನಿಯೆ? ಈ ಪ್ರಶ್ನೆಗಳು ಚಿಕಿತ್ಸಾಲಯದಲ್ಲಿ ಹುಟ್ಟಿದವಾದರೂ ಮೂಲತಃ ಅರ್ಥನಿರ್ಣಯದ ಪ್ರಶ್ನೆಗಳು. ಹೊರಗೆ ಕಾಣುವ ಕುರುಹಿನಿಂದ ಒಳಗಿನ ಭಾವವನ್ನು ಅರಿಯುವುದು ಹೇಗೆಂಬುದೇ ಎರಡು ಕಡೆಯೂ ಇರುವ ತೊಡಕು. ಆದುದರಿಂದ ಸಾಹಿತ್ಯಮೀಮಾಂಸೆಯು ಇಲ್ಲಿ ಕೈಕಟ್ಟಿ ಕುಳಿತಿರಬೇಕಾದುದಿಲ್ಲ.

ಹಂಗೇರಿಯ ಲೇಖಕ ಫ್ರಿಜೆಶ್ ಕಾರಿಂತಿಯು ೧೯೩೭ರಲ್ಲಿ ಪ್ರಕಟಿಸಿದ ‘ನನ್ನ ತಲೆಬುರುಡೆಯ ಸುತ್ತ ಒಂದು ಪ್ರವಾಸ’ ಮತ್ತು ಅಮೆರಿಕದ ಪತ್ರಿಕೋದ್ಯಮಿ ಜಾನ್ ಗುಂಥರನು ೧೯೪೯ರಲ್ಲಿ ಪ್ರಕಟಿಸಿದ ‘ಮರಣವೇ, ಗರ್ವಪಡದಿರು’ ಎಂಬ ಎರಡು ಗ್ರಂಥಗಳು ಈ ವಿಚಾರಕ್ಕೆ ತಕ್ಕ ಆಧಾರಗಳಾಗಿವೆ. ಮೊದಲನೆಯದು ರೋಗಿಯು ತಾನೇ ಬರೆದುದು. ಎರಡನೆಯದು ರೋಗಿಯ ತಂದೆ ಬರೆದುದು. ಈಗ ಆಸ್ಪತ್ರೆಗಳಲ್ಲಿ ರೋಗಿಗಳ ಮನಃಕ್ಲೇಶವನ್ನು ಕಂಡುಹಿಡಿಯಲು ಬಳಸುವ ಪ್ರಶ್ನಾವಳಿಗಳ ಪಕ್ಕದಲ್ಲಿಟ್ಟು ಇವುಗಳನ್ನು ಓದಿದರೆ, ಗ್ರಂಥಗಳ ಗುಣದೋಷಗಳೂ ಪ್ರಶ್ನಾವಳಿಗಳ ಗುಣದೋಷಗಳೂ ಪರಸ್ಪರ ಬೆಳಕಿನಲ್ಲಿ ಸ್ಪಷ್ಟವಾಗುವುವು.

೨

ಕಾರಿಂತಿಯು ೧೮೮೭ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದನು. ಸಮಕಾಲೀನ ಲೇಖಕರ ಶೈಲಿಗಳನ್ನು ಅಣಕಿಸಿ ಬರೆದು ೧೯೧೨ರಲ್ಲಿ ಪ್ರಕಟಿಸಿದ ಸಂಗ್ರಹದಿಂದ ಅವನ ಹೆಸರು ಆ ದೇಶದಲ್ಲಿ ಮನೆಮಾತಾಯಿತು. ಜಗತ್ತಿನ ಯಾವ ಇಬ್ಬರನ್ನಾದರೂ ಕೆಲವೇ ಪರಿಚಯಗಳ ಕೊಂಡಿಗಳಿಂದ ಜೋಡಿಸಬಹುದೆಂಬ, ಈಗ ಎಲ್ಲರ ಬಾಯಲ್ಲಿರುವ ಕಲ್ಪನೆಯನ್ನು ೧೯೨೯ರ ‘ಕೊಂಡಿಗಳು’ ಎಂಬ ಕಥೆಯಲ್ಲಿ ಮುಂದಿಟ್ಟವನೂ ಅವನೇ. ನಗಿಸುವುದು ಅವನ ವೃತ್ತಿ. ತರ್ಕವನ್ನು ತಲೆಕೆಳಗು ಮಾಡುವುದು ಅವನ ಸ್ವಭಾವ. ಅಂತಹವನಿಗೆ ೧೯೩೬ರ ಮಾರ್ಚಿ ತಿಂಗಳಲ್ಲಿ ಒಂದು ಸಂಜೆ, ಎಂದಿನಂತೆ ಕಾಫಿ ಮಂದಿರದಲ್ಲಿ ಕುಳಿತಿರುವಾಗ, ರೈಲುಗಾಡಿಯೊಂದು ಗರ್ಜಿಸುತ್ತ ಹೊರಟುಹೋದ ಸದ್ದು ಕೇಳಿಸಿತು. ತಲೆಯೆತ್ತಿ ನೋಡಿದರೆ ಅಲ್ಲಿ ರೈಲಿಲ್ಲ, ಹಳಿಯೂ ಇಲ್ಲ. ಒಂದರ ಹಿಂದೊಂದು ಗಾಡಿಗಳು ಹೋದುವು. ಸದ್ದು ಇರುವುದು ಬೀದಿಯಲ್ಲಲ್ಲ, ತನ್ನ ತಲೆಯಲ್ಲಿ ಎಂಬುದು ಆಮೇಲೆ ಹೊಳೆಯಿತು.

ಮುಂದೆ ತಲೆನೋವು, ವಾಂತಿ, ತಲೆತಿರುಗುವಿಕೆ, ದೃಷ್ಟಿಯ ಕ್ಷೀಣತೆ ಇವು ಒಂದೊಂದಾಗಿ ಬಂದುವು. ಮೊದಮೊದಲು ಕಿವಿಯ ತೊಂದರೆ ಮುಂತಾದ ಸುಲಭ ಕಾರಣಗಳನ್ನೇ ಹೇಳಿ ಅವನನ್ನು ಕಳುಹಿಸಿದರು. ಅವನ ಎರಡನೆಯ ಹೆಂಡತಿ ಅರಾಂಕಾ ಸ್ವತಃ ವೈದ್ಯೆ. ಆಕೆ ಅಭ್ಯಾಸಕ್ಕಾಗಿ ವಿಯೆನ್ನಾದಲ್ಲಿದ್ದಾಗ, ಅಲ್ಲಿಯ ಚಿಕಿತ್ಸಾಲಯದಲ್ಲಿ ಮೆದುಳಿನ ಗಡ್ಡೆಯ ರೋಗಿಯೊಬ್ಬನನ್ನು ಕಂಡು ಕಾರಿಂತಿಯೇ ತನ್ನ ರೋಗವನ್ನು ಊಹಿಸಿದನು. ಕಣ್ಣಿನ ಹಿಂಭಾಗದ ನರವು ಊದಿಕೊಂಡಿರುವುದನ್ನು ಪರೀಕ್ಷೆಯಿಂದ ಕಂಡಮೇಲೆ ಊಹೆಯು ನಿಶ್ಚಯವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ನಗರದ ಸೆರಾಫಿಮರ್ ಆಸ್ಪತ್ರೆಯಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಹರ್ಬರ್ಟ್ ಓಲಿವೆಕ್ರೂನನು ಅವನ ಕಿರಿಮೆದುಳಿನಲ್ಲಿದ್ದ ಗಡ್ಡೆಯನ್ನು ತೆಗೆದನು. ಶಸ್ತ್ರಕ್ರಿಯೆಯು ಆ ಭಾಗವನ್ನು ಮಾತ್ರ ಮರಗಟ್ಟಿಸಿ ನಡೆಯಿತು, ರೋಗಿಗೆ ಎಚ್ಚರವಿತ್ತು. ದೃಷ್ಟಿ ಹಿಂದಿರುಗಿತು, ಗ್ರಂಥವೂ ಹುಟ್ಟಿತು. ೧೯೩೮ರ ಆಗಸ್ಟಿನಲ್ಲಿ ಆತನು ತೀರಿಕೊಂಡನು. ಗ್ರಂಥದ ಇಂಗ್ಲಿಷ್ ಅನುವಾದವು ೧೯೩೯ರಲ್ಲಿ ಹೊರಬಂದಿತು. ೨೦೦೮ರಲ್ಲಿ ನರವೈದ್ಯ ಆಲಿವರ್ ಸ್ಯಾಕ್ಸನ ಪೀಠಿಕೆಯೊಡನೆ ಮತ್ತೆ ಅಚ್ಚಾಯಿತು.

ಈ ಗ್ರಂಥದ ಮುಖ್ಯವಾದ ಗುಣವು ಭಯವನ್ನು ಹೆಸರಿಸದಿರುವುದು. ಭಯವಾಯಿತು, ದುಃಖವಾಯಿತು ಎಂದು ಸ್ವಶಬ್ದದಿಂದ ಹೇಳಿದರೆ ರಸವು ಹುಟ್ಟದೆಂದು ಆಲಂಕಾರಿಕರು ಎಚ್ಚರಿಸಿದ್ದಾರೆ. ಕಾರಿಂತಿಗೆ ಆ ಶಾಸ್ತ್ರದ ಪರಿಚಯವಿರಲಿಲ್ಲ. ಆದರೂ ಆ ನಿಯಮವನ್ನು ಅವನು ಬಲ್ಲವನಂತೆ ಪಾಲಿಸಿದ್ದಾನೆ. ಇಲ್ಲದ ರೈಲಿನ ಸದ್ದನ್ನು ವರ್ಣಿಸುವಾಗ ಅವನಿಗೆ ಬೇಕಾದುದು ವೇಳೆ, ಸ್ಥಳ, ಮೇಜಿನ ಮೇಲಿನ ವಸ್ತುಗಳು, ಹೃದಯದ ಬಡಿತವಲ್ಲ. ವಾಚಕನು ಆ ನಿಖರತೆಯನ್ನು ಕಂಡೇ ಬೆದರುವನು. ಶಸ್ತ್ರಕ್ರಿಯೆಯ ಭಾಗವು ಗ್ರಂಥದ ಶಿಖರ. ಮೂಳೆಯನ್ನು ಕೊರೆಯುವ ಯಂತ್ರದ ಶಬ್ದದಿಂದ ಮೊದಲುಗೊಂಡು, ತಾನು ಮೇಲೆ ತೇಲಿ ನಿಂತು ಮೇಜಿನ ಮೇಲಿರುವ ತನ್ನನ್ನೂ ತನ್ನ ತೆರೆದ ತಲೆಯನ್ನೂ ನೋಡುತ್ತಿರುವಂತೆ ಕಂಡ ಭ್ರಮೆಯ ವರೆಗೆ, ಎಲ್ಲಿಯೂ ಗ್ರಂಥಕರ್ತನು ಏರುದನಿಯನ್ನು ತೆಗೆಯುವುದಿಲ್ಲ.

ದೋಷಗಳೂ ಇಲ್ಲದಿಲ್ಲ. ಪ್ರತಿದಿನ ಪತ್ರಿಕೆಗೆ ಬರೆಯುವವನ ಅಭ್ಯಾಸಬಲದಿಂದ ಎದುರಿಗೆ ಬಂದವರನ್ನೆಲ್ಲ ಒಂದು ಚಮತ್ಕಾರದ ಮಾತಿನಲ್ಲಿ ಹಿಡಿದಿಡಲು ಅವನು ಆತುರಪಡುವನು. ಹೀಗಾಗಿ ಕೆಲವು ವೈದ್ಯರು ವ್ಯಂಗ್ಯಚಿತ್ರಗಳಾಗಿಯೇ ಉಳಿಯುತ್ತಾರೆ. ವಿಷಯಾಂತರಗಳು ಕೆಲವೆಡೆ ಬೇಸರವನ್ನು ತರಿಸುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಹಾಸ್ಯವು ಎಲ್ಲಿ ಸಹಜವಾದ ಉಸಿರು, ಎಲ್ಲಿ ಹೊದ್ದುಕೊಂಡ ಹೊದಿಕೆ ಎಂಬುದನ್ನು ಗ್ರಂಥವು ಬಿಟ್ಟುಕೊಡುವುದಿಲ್ಲ. ಇದು ದೋಷವೋ ಗುಣವೋ ಎಂಬುದನ್ನು ನಿರ್ಣಯಿಸುವ ಮೊದಲು ಪ್ರಶ್ನಾವಳಿಗಳ ಕಡೆಗೆ ತಿರುಗಬೇಕು.

೩

ದೊಡ್ಡ ರೋಗಗಳಿಂದ ನರಳುವವರ ಮನಸ್ಸಿನ ಸ್ಥಿತಿಯನ್ನು ಬೇಗನೆ ತಿಳಿಯಲು ವೈದ್ಯರು ಹಲವು ಸಾಧನಗಳನ್ನು ರಚಿಸಿರುವರು. ೧೯೮೩ರಲ್ಲಿ ಜಿಗ್ಮಂಡ್ ಮತ್ತು ಸ್ನೇಯ್ತ್ ಎಂಬ ಇಬ್ಬರು ರಚಿಸಿದ ಮಾಪಕದಲ್ಲಿ ೧೪ ಪ್ರಶ್ನೆಗಳಿವೆ. ೭ ಆತಂಕಕ್ಕೆ, ೭ ಖಿನ್ನತೆಗೆ. ಪ್ರತಿಯೊಂದಕ್ಕೂ ೦ಯಿಂದ ೩ರ ವರೆಗೆ ಅಂಕ. ೧೯೯೮ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಮೊದಲು ಬಳಸಿದ ‘ಕ್ಲೇಶದ ಉಷ್ಣಮಾಪಕ’ವು ಇನ್ನೂ ಸರಳ. ಜ್ವರ ನೋಡುವ ಕೊಳವೆಯ ಚಿತ್ರದ ಮೇಲೆ ೦ಯಿಂದ ೧೦ರ ವರೆಗೆ ಗೆರೆಗಳಿರುತ್ತವೆ; ಕಳೆದ ವಾರದ ತನ್ನ ಕ್ಲೇಶ ಎಷ್ಟೆಂದು ರೋಗಿಯು ಗುರುತು ಹಾಕಬೇಕು. ೪ನ್ನು ಮುಟ್ಟಿದರೆ ಹೆಚ್ಚಿನ ವಿಚಾರಣೆ ಬೇಕೆಂಬುದು ಅಮೆರಿಕದಲ್ಲಿ ರೂಢಿಗೆ ಬಂದ ಕಟ್ಟಳೆ. ‘ಹುಚ್ಚು’, ‘ಮನೋರೋಗ’ ಎಂಬ ಹೆಸರುಗಳಿಗೆ ಅಂಟಿಕೊಂಡ ಕಳಂಕವನ್ನು ತಪ್ಪಿಸಲೆಂದೇ ಅಲ್ಲಿ ‘ಕ್ಲೇಶ’ ಎಂಬ ಸಾಧಾರಣವಾದ ಮಾತನ್ನು ಆರಿಸಿಕೊಂಡರು. ೨೦೦೧ರಲ್ಲಿ ಪ್ರಕಟವಾದ ಮತ್ತೊಂದು ಪಟ್ಟಿಯಲ್ಲಿ ೯ ಪ್ರಶ್ನೆಗಳು, ಒಟ್ಟು ೨೭ ಅಂಕಗಳು. ಆಸಕ್ತಿ, ಮನಸ್ಸಿನ ಕುಗ್ಗು, ನಿದ್ರೆ, ಆಯಾಸ, ಹಸಿವು, ತನ್ನ ವಿಷಯದಲ್ಲಿ ತಿರಸ್ಕಾರ, ಏಕಾಗ್ರತೆ, ಚಲನೆಯ ಮಂದತೆ ಅಥವಾ ಚಡಪಡಿಕೆ, ಸಾವಿನ ಅಥವಾ ಆತ್ಮಹಾನಿಯ ಯೋಚನೆ ಇವೇ ಆ ಒಂಬತ್ತು.

ಸಾಹಿತ್ಯದ ವಿದ್ಯಾರ್ಥಿಗೆ ಈ ಒಂಬತ್ತನ್ನು ಕಂಡೊಡನೆ ವ್ಯಭಿಚಾರಿಭಾವಗಳ ಪಟ್ಟಿಯು ನೆನಪಾಗದಿರದು. ನಿರ್ವೇದ, ವಿಷಾದ, ನಿದ್ರೆ, ಗ್ಲಾನಿ, ದೈನ್ಯ, ಜಡತೆ, ಆವೇಗ, ಮರಣ ಇವುಗಳಲ್ಲಿ ಬಹುಪಾಲು ಎರಡು ಪಟ್ಟಿಗಳಲ್ಲಿಯೂ ಉಂಟು. ಲೌಕಿಕದಲ್ಲಿ ಇವು ಕೇವಲ ಕಾರ್ಯಗಳು ಮತ್ತು ಸಹಕಾರಿಗಳು, ಕಾವ್ಯದಲ್ಲಿ ಮಾತ್ರವೇ ಅನುಭಾವ ವ್ಯಭಿಚಾರಿಗಳೆಂಬ ಹೆಸರನ್ನು ಪಡೆಯುವುವು ಎಂಬ ಭೇದವನ್ನು ಮರೆಯತಕ್ಕದ್ದಲ್ಲ. ವೈದ್ಯನು ರೋಗಿಯ ಶೋಕವನ್ನು ಆಸ್ವಾದಿಸುವುದಿಲ್ಲ, ಪರಿಹರಿಸಬಯಸುವನು. ಆದರೆ ಕುರುಹಿನಿಂದ ಭಾವಕ್ಕೆ ದಾಟುವ ಸಂಕವು ಇಬ್ಬರಿಗೂ ಒಂದೇ. ಅದು ಎಲ್ಲಿ ಮುರಿಯುವುದೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಅನುಭಾವವಾಗಲಿ ವಿಭಾವವಾಗಲಿ ವ್ಯಭಿಚಾರಿಯಾಗಲಿ ಬಿಡಿಯಾಗಿ ಯಾವ ಒಂದು ಭಾವಕ್ಕೂ ಕಟ್ಟುಬಿದ್ದುದಲ್ಲ ಎಂದು ಅಭಿನವಗುಪ್ತನು ತೋರಿಸುವನು. ಕಣ್ಣೀರು ಆನಂದದಿಂದಲೂ ಬರಬಹುದು, ಕಣ್ಣಿನ ರೋಗದಿಂದಲೂ ಬರಬಹುದು. ಹುಲಿಯು ಭಯಕ್ಕೂ ಕಾರಣ, ಕ್ರೋಧಕ್ಕೂ ಕಾರಣ. ಶ್ರಮವೂ ಚಿಂತೆಯೂ ಉತ್ಸಾಹದ ಸಂಗಡವೂ ಇರಬಲ್ಲವು, ಭಯದ ಸಂಗಡವೂ ಇರಬಲ್ಲವು. ಬಿಡಿಯಾದುದು ದಾರಿತಪ್ಪಿಸುವುದು, ಸಾಮಗ್ರಿಯು, ಎಂದರೆ ಎಲ್ಲದರ ಕೂಟವು, ದಾರಿತಪ್ಪಿಸುವುದಿಲ್ಲ. ಮಮ್ಮಟನೂ ಕಾವ್ಯಪ್ರಕಾಶದಲ್ಲಿ ಇದೇ ನ್ಯಾಯದಿಂದ, ಭರತನ ಸೂತ್ರದಲ್ಲಿ ಮೂರನ್ನೂ ಕೂಡಿಸಿ ಹೇಳಿರುವುದನ್ನು ಸಮರ್ಥಿಸುವನು.

ಮೆದುಳಿನ ಗಡ್ಡೆಯ ವಿಷಯದಲ್ಲಿ ಈ ‘ಕಣ್ಣಿನ ರೋಗ’ದ ದೃಷ್ಟಾಂತವು ಅಕ್ಷರಶಃ ಸತ್ಯವಾಗುವುದು. ನಿದ್ರೆ ಕೆಡುವುದಕ್ಕೆ ದುಃಖವೇ ಬೇಕಾಗಿಲ್ಲ. ಮೆದುಳಿನ ಊತವನ್ನು ತಗ್ಗಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಔಷಧವೊಂದೇ ಸಾಕು. ಅದೇ ಔಷಧವು ಒಬ್ಬನನ್ನು ಅತಿ ಉಲ್ಲಾಸಕ್ಕೂ ಇನ್ನೊಬ್ಬನನ್ನು ಕುಗ್ಗಿಗೂ ತಳ್ಳಬಲ್ಲದು. ಅಪಸ್ಮಾರವನ್ನು ತಡೆಯಲು ಕೊಡುವ ಕೆಲವು ಮದ್ದುಗಳು ಸಿಡುಕನ್ನು ಹುಟ್ಟಿಸುವುವು. ಮೆದುಳಿನ ಮುಂಭಾಗದಲ್ಲಿ ಗಡ್ಡೆಯಿದ್ದರೆ ರೋಗಿಯು ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಸುಮ್ಮನೆ ಕುಳಿತಿರುವನು, ನೋಡಿದವರು ಖಿನ್ನತೆಯೆನ್ನುವರು, ಅವನಿಗಾದರೋ ದುಃಖದ ಲೇಶವೂ ಇಲ್ಲದಿರಬಹುದು. ಕೆಲವರಿಗೆ ತಮ್ಮ ನ್ಯೂನತೆಯ ಅರಿವೇ ಉಳಿಯುವುದಿಲ್ಲ. ಕೆಲವರಿಗೆ ಅರಿವಿದ್ದರೂ ಮಾತು ಹೊರಡುವುದಿಲ್ಲ. ಮೇಲಿನ ೯ ಪ್ರಶ್ನೆಗಳಲ್ಲಿ ನಿದ್ರೆ, ಆಯಾಸ, ಹಸಿವು, ಏಕಾಗ್ರತೆ, ಮಂದತೆ ಈ ೫ಕ್ಕೆ ಗಡ್ಡೆಯೋ ಚಿಕಿತ್ಸೆಯೋ ತಾನೇ ಉತ್ತರ ಕೊಟ್ಟುಬಿಡಬಹುದು. ಇದನ್ನು ಅರಿತೇ ೧೯೮೩ರ ಮಾಪಕವನ್ನು ರಚಿಸಿದವರು ದೇಹಕ್ಕೆ ಸೇರಿದ ಲಕ್ಷಣಗಳನ್ನು ಬುದ್ಧಿಪೂರ್ವಕವಾಗಿ ಬಿಟ್ಟರು. ಹೀಗಿದ್ದರೂ ಮೆದುಳಿನ ಗಡ್ಡೆಯ ರೋಗಿಗಳಲ್ಲಿ ಖಿನ್ನತೆಯ ಪ್ರಮಾಣವನ್ನು ಎಣಿಸಿದ ಸಂಶೋಧನೆಗಳಲ್ಲಿ, ರೋಗಿಗಳೇ ತುಂಬಿದ ಪಟ್ಟಿಗಳಿಂದ ದೊರೆತ ಸಂಖ್ಯೆಯು ವೈದ್ಯರು ಎದುರಿಗೆ ಕುಳಿತು ಮಾತನಾಡಿ ನಿರ್ಣಯಿಸಿದ ಸಂಖ್ಯೆಗಿಂತ ದೊಡ್ಡದಾಗಿರುವುದು ಕಂಡುಬಂದಿದೆ. ಪಟ್ಟಿಯು ಜರಡಿ, ಅದರಲ್ಲಿ ಉಳಿದುದೆಲ್ಲ ಕಾಳಲ್ಲ, ಜಾರಿದುದೆಲ್ಲ ಮಣ್ಣಲ್ಲ.

೪

ಕಾರಿಂತಿಯ ಮುಂದೆ ೧೯೩೬ರಲ್ಲಿ ಇಂತಹ ಪಟ್ಟಿಯನ್ನು ಯಾರೂ ಇಡಲಿಲ್ಲ. ಆಗ ಅವು ಇರಲೇ ಇಲ್ಲ. ಇಟ್ಟಿದ್ದರೆ ಏನಾಗುತ್ತಿತ್ತು? ೧೯೮೩ರ ಮಾಪಕದಲ್ಲಿ ಒಂದು ಪ್ರಶ್ನೆಯು ಹಾಸ್ಯವನ್ನೇ ಕುರಿತದ್ದು: ವಿಷಯಗಳ ವಿನೋದದ ಮುಖವನ್ನು ಕಂಡು ನಗುವ ಶಕ್ತಿಯು ರೋಗಿಗೆ ಉಳಿದಿದೆಯೆ ಎಂದು. ಶಸ್ತ್ರವೈದ್ಯನ ಮೇಜಿನ ಮೇಲೆ ಮಲಗಿದ್ದಾಗಲೂ ವಿನೋದವನ್ನು ಕಂಡವನು ಇದಕ್ಕೆ ಯಾವ ಉತ್ತರವನ್ನು ಕೊಡುತ್ತಿದ್ದನೆಂಬುದರಲ್ಲಿ ಸಂಶಯವಿಲ್ಲ. ಆ ಲೆಕ್ಕದಲ್ಲಿ ಅವನಿಗೆ ಯಾವ ಖಿನ್ನತೆಯೂ ಇರಲಿಲ್ಲವೆಂದಾಗಬೇಕು.

ಗ್ರಂಥದಲ್ಲಿಯೇ ಇದಕ್ಕೊಂದು ಒರೆಗಲ್ಲುಂಟು. ತಲೆಯು ತೆರೆದಿರುವಾಗ, ಈಗ ಹೇಗನ್ನಿಸುತ್ತಿದೆ ಎಂದು ವೈದ್ಯನು ವಿಚಾರಿಸುವನು. ಸತ್ಕಾರಕೂಟದಲ್ಲಿ ಆತಿಥೇಯನಿಗೆ ಹೇಳುವಂತೆ, ಚೆನ್ನಾಗಿದೆಯೆಂದು ವಂದನೆಯೊಡನೆ ರೋಗಿಯು ಉತ್ತರಿಸುವನು. ಆ ಧ್ವನಿಯು ತನ್ನದೆಂದು ಅವನಿಗೇ ನಂಬಿಕೆಯಾಗುವುದಿಲ್ಲ. ಗ್ರಂಥದ ಅತ್ಯಂತ ಮಾರ್ಮಿಕವಾದ ಸ್ಥಾನಗಳಲ್ಲಿ ಇದೊಂದು. ಕೇಳಿದ ಪ್ರಶ್ನೆ ಸರಿಯಾದುದು. ಕೊಟ್ಟ ಉತ್ತರದಲ್ಲಿ ಸುಳ್ಳಿನ ಉದ್ದೇಶವಿಲ್ಲ. ಆದರೂ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಕೇಳುವವನ ಕೈಯಲ್ಲಿ ಪ್ರಾಣವಿರುವಾಗ ಉತ್ತರವು ಉಪಚಾರವಾಗಿ ಹೋಗುವುದು. ಆಸ್ಪತ್ರೆಯ ಮಂಚದ ಮೇಲೆ ಪಟ್ಟಿಯನ್ನು ತುಂಬುವ ರೋಗಿಯು, ತಾನು ಗೊಣಗುವವನೆಂದು ವೈದ್ಯರಿಗೆ ತೋರಿದರೆ ಚಿಕಿತ್ಸೆಯಲ್ಲಿ ಉದಾಸೀನವಾದೀತೋ ಎಂದು ಅಂಜಿ, ಕಡಮೆ ಅಂಕಕ್ಕೆ ಗುರುತು ಹಾಕುವುದುಂಟಾದರೆ ಅದು ಈ ಬಗೆಯ ಉಪಚಾರವೇ.

ಭರತನ ಪಟ್ಟಿಯಲ್ಲಿ ಈ ಸ್ಥಿತಿಗೆ ಹೆಸರೊಂದುಂಟು: ಅವಹಿತ್ಥ. ಒಳಗಿನ ಭಾವವು ಮುಖದಲ್ಲಿ ಕಾಣದಂತೆ ಮರೆಮಾಡುವುದೇ ಅವಹಿತ್ಥ. ನಾಚಿಕೆ, ಭಯ, ಸೋಲು, ಗಾಂಭೀರ್ಯ ಮುಂತಾದುವು ಇದಕ್ಕೆ ಕಾರಣಗಳು. ಬೇರೆ ಮಾತನ್ನೆತ್ತುವುದು, ಬೇರೆಡೆ ನೋಡುವುದು, ಮಾತನ್ನು ನಡುವೆ ಕಡಿಯುವುದು, ಇಲ್ಲದ ಧೈರ್ಯವನ್ನು ತೋರಿಸುವುದು ಇದರ ಕುರುಹುಗಳು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೇನೆಂದರೆ, ಮರೆಮಾಡುವಿಕೆಯನ್ನೂ ಪ್ರಾಚೀನರು ಒಂದು ಭಾವವಾಗಿಯೇ ಎಣಿಸಿ ಅದಕ್ಕೂ ಅನುಭಾವಗಳನ್ನು ಕೊಟ್ಟರು. ಮುಚ್ಚುವ ಕೈಯೇ ಮುಚ್ಚಿದುದನ್ನು ತೋರಿಸುವುದು. ಈಗಿನ ಪಟ್ಟಿಗಳಲ್ಲಿ ಅವಹಿತ್ಥಕ್ಕೆ ಕಲಮಿಲ್ಲ. ಅಂಕವು ಸೊನ್ನೆಯಾದರೆ ಭಾವವೂ ಸೊನ್ನೆಯೆಂದೇ ಅಲ್ಲಿಯ ಲೆಕ್ಕ.

ಆದರೆ ಇಷ್ಟರಿಂದ ಪಟ್ಟಿಯನ್ನು ಹಳಿದು ಕಾವ್ಯವನ್ನು ಹೊಗಳಿ ಮುಗಿಸುವುದು ನ್ಯಾಯವಾಗದು. ಹಾಸ್ಯವೆಲ್ಲವೂ ಅವಹಿತ್ಥವೆಂದು ಹಿಡಿಯುವುದೂ ಒಂದು ಭ್ರಾಂತಿ. ಜನ್ಮವೆಲ್ಲ ನಗಿಸಿದವನಿಗೆ ನಗೆಯು ಧೃತಿಯ ನಿಜರೂಪವಾಗಿರಲೂಬಹುದು. ಇದನ್ನು ನಿರ್ಣಯಿಸುವ ಬಗೆ ಯಾವುದು? ಅವನ ಇಂದಿನ ನಗೆಯನ್ನು ಅವನದೇ ನಿನ್ನೆಯ ನಗೆಯೊಡನೆ ತೂಗಬೇಕು. ವಿಚಾರಮಾಡಿ ನೋಡಿದರೆ ಆ ಮಾಪಕವೂ ಹೀಗೆಯೇ ಮಾಡುವುದು. ನಗಬಲ್ಲೆಯೋ ಇಲ್ಲವೋ ಎಂದಷ್ಟೇ ಅದು ಕೇಳುವುದಿಲ್ಲ. ಮೊದಲಿನಷ್ಟು ನಗಬಲ್ಲೆಯಾ, ಮೊದಲಿಗಿಂತ ಕಡಮೆಯಾಗಿದೆಯಾ ಎಂದು ಅವನವನ ಅಳತೆಗೋಲನ್ನೇ ಅವನವನ ಕೈಗೆ ಕೊಡುವುದು. ಸಾಹಿತ್ಯದ ಪಂಡಿತರು ಶುಷ್ಕವೆಂದು ಕಡೆಗಣಿಸುವ ಪಟ್ಟಿಯಲ್ಲಿ ಇಷ್ಟು ವಿವೇಕವು ಅಡಗಿದೆ. ಒಬ್ಬ ಲೇಖಕನ ಶೈಲಿಯಲ್ಲಿ ಏರುಪೇರನ್ನು ಕಾಣಬೇಕಾದರೆ ಅವನ ಹಿಂದಿನ ಕೃತಿಗಳನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕೆಂಬುದು ವಿಮರ್ಶೆಯಲ್ಲಿಯೂ ಒಪ್ಪಿದ ಮಾತಷ್ಟೆ. ಈ ಅಳತೆಯಿಂದ ನೋಡಿದರೆ ಕಾರಿಂತಿಯ ಪ್ರವಾಸಗ್ರಂಥದ ಹಾಸ್ಯವು ೧೯೧೨ರ ಅಣಕುಗಳ ಹಾಸ್ಯಕ್ಕಿಂತ ತೀರ ಬೇರೆಯಾದುದು. ಅಲ್ಲಿ ಅದು ಇತರರ ಕಡೆ ತಿರುಗಿದ ಕನ್ನಡಿ. ಇಲ್ಲಿ ತನ್ನನ್ನು ತಾನು ನೋಡಿಕೊಳ್ಳಲಾರದವನು ಹಿಡಿದ ಕನ್ನಡಿ. ಹಾಸ್ಯವು ಹೊದಿಕೆಯೋ ಉಸಿರೋ ಎಂಬುದನ್ನು ಗ್ರಂಥವು ಬಿಟ್ಟುಕೊಡದಿರುವುದು ಆದುದರಿಂದ ದೋಷವಲ್ಲ. ಬರೆಯುವವನಿಗೇ ಅದು ತಿಳಿದಿರಲಿಲ್ಲವೆಂಬ ಸತ್ಯದ ನಿಷ್ಠೆ.

೫

ತನ್ನ ಅಳತೆಗೋಲೇ ಮುರಿದಿರುವ ರೋಗಿಯ ಗತಿಯೇನು? ಅಂಥಲ್ಲಿ ಹತ್ತಿರದವರನ್ನು ಕೇಳಬೇಕೆಂಬುದು ಈಗಿನ ವೈದ್ಯರ ಉತ್ತರ. ಈ ಉತ್ತರದ ಬಲವನ್ನೂ ದೌರ್ಬಲ್ಯವನ್ನೂ ಗುಂಥರನ ಗ್ರಂಥವು ತೋರಿಸುವುದು.

ಗುಂಥರನು ೧೯೩೬ರಲ್ಲಿ ಯೂರೋಪಿನ ರಾಜಕೀಯವನ್ನು ಕುರಿತು ಬರೆದ ಗ್ರಂಥದಿಂದ ಪ್ರಸಿದ್ಧನಾದವನು. ಅವನ ಮಗನಿಗೆ ೧೯೪೬ರ ಏಪ್ರಿಲಿನಲ್ಲಿ ಮೆದುಳಿನ ಗಡ್ಡೆಯಿರುವುದು ತಿಳಿಯಿತು. ಹದಿನೈದು ತಿಂಗಳು ನಾನಾ ಚಿಕಿತ್ಸೆಗಳು ನಡೆದು, ೧೯೪೭ರ ಜೂನ್ ೩೦ರಂದು, ೧೭ನೆಯ ವಯಸ್ಸಿನಲ್ಲಿ, ಆ ಹುಡುಗನು ತೀರಿಕೊಂಡನು. ಅದೇ ತಿಂಗಳ ಆದಿಯಲ್ಲಿ, ತಲೆಗೆ ಪಟ್ಟಿಯನ್ನು ಕಟ್ಟಿಕೊಂಡು, ತನ್ನ ಶಾಲೆಯ ಪದವಿಪ್ರದಾನಸಭೆಗೆ ಹೋಗಿ ಸಹಪಾಠಿಗಳ ನಡುವೆ ನಡೆದು ಪ್ರಮಾಣಪತ್ರವನ್ನು ಪಡೆದಿದ್ದನು. ಗ್ರಂಥದ ಶೀರ್ಷಿಕೆಯು ಆಂಗ್ಲಕವಿ ಜಾನ್ ಡನ್ನನ ಸುನೀತದಿಂದ ಬಂದುದು.

ಗ್ರಂಥದ ಮೊದಲ ಭಾಗವು ತಂದೆಯ ಕಥನ. ವರದಿಗಾರನ ಶಿಸ್ತಿನಿಂದ ದಿನ, ವೈದ್ಯರು, ಪರೀಕ್ಷೆಗಳು, ಆಸೆ, ಆಸೆಯ ಭಂಗ ಇವನ್ನು ಆತನು ಒಂದರ ಹಿಂದೊಂದಾಗಿ ಇಡುವನು. ಶೋಕವು ವಾಕ್ಯಗಳಲ್ಲಿ ಉಕ್ಕುವುದಿಲ್ಲ. ವಾಕ್ಯಗಳ ನಡುವಣ ಬರಿದಿನಲ್ಲಿ ನಿಲ್ಲುವುದು. ಮನೆಯಲ್ಲಿ ನಡೆದುದು ಇಮ್ಮಡಿಯಾದ ಅವಹಿತ್ಥ. ಪೂರ್ಣಸತ್ಯವನ್ನು ತಂದೆತಾಯಿಗಳು ಮಗನಿಗೆ ಹೇಳಲಾರರು. ತನಗೆಷ್ಟು ತಿಳಿದಿದೆಯೆಂಬುದನ್ನು ಮಗನು ಅವರಿಗೆ ತೋರಿಸಲಾರನು. ಪ್ರೀತಿಯೇ ಎರಡು ಕಡೆಯೂ ಬಾಯನ್ನು ಕಟ್ಟಿತು. ಇಂತಹ ಮನೆಯಲ್ಲಿ ಹುಡುಗನ ಮನಸ್ಸು ಹೇಗಿದೆಯೆಂದು ತಂದೆಯನ್ನು ಕೇಳಿದರೆ, ಧೈರ್ಯದಿಂದಿದ್ದಾನೆ ಎಂಬ ಉತ್ತರ ಬಂದೀತು. ಆ ಉತ್ತರವು ಮಗನ ಸ್ಥಿತಿಗಿಂತ ಹೆಚ್ಚಾಗಿ ತಂದೆಯ ಅಗತ್ಯವನ್ನು ತಿಳಿಸೀತು.

ಗ್ರಂಥಕರ್ತನ ಪ್ರಾಮಾಣಿಕತೆಯು ಪ್ರಕಾಶಿಸುವುದು ಇಲ್ಲಿಯೇ. ತನ್ನ ಕಥನವನ್ನೇ ಕೊನೆಯ ಮಾತಾಗಿ ಬಿಡದೆ, ಮಗನ ಪತ್ರಗಳನ್ನೂ ದಿನಚರಿಯ ಟಿಪ್ಪಣಿಗಳನ್ನೂ ಅದರ ಪಕ್ಕಕ್ಕೆ ಇಟ್ಟಿರುವನು. ಕಡೆಯಲ್ಲಿ ತಾಯಿ ಫ್ರಾನ್ಸೆಸಳ ಲೇಖನವನ್ನೂ ಸೇರಿಸಿರುವನು. ಹೀಗೆ ಮೂರು ಸಾಕ್ಷ್ಯಗಳು ಒಂದೇ ಹೊದಿಕೆಯೊಳಗೆ ಕೂಡಿ, ಒಂದು ಹೇಳದುದನ್ನು ಇನ್ನೊಂದು ಹೇಳುವುದು. ರಚನೆಯು ಸಡಿಲವಾಯಿತೆಂದು ಕಲಾದೃಷ್ಟಿಯಿಂದ ಆಕ್ಷೇಪಿಸಬಹುದು. ತಂದೆಯ ಕಥನದ ವೇಗವು ಪತ್ರಗಳ ಭಾಗದಲ್ಲಿ ಕುಂದುವುದು ನಿಜ. ಆದರೆ ಅಭಿನವಗುಪ್ತನು ಹೇಳಿದ ಸಾಮಗ್ರಿಯೆಂದರೆ ಇದೇ. ಏಕಾಂಗಿಯಾದ ಸಾಕ್ಷಿಯು ತಪ್ಪುದಾರಿಗೆಳೆಯುವಲ್ಲಿ, ಕೂಡಿದ ಸಾಕ್ಷಿಗಳು ದಾರಿಯನ್ನು ತೋರುವರು. ಈ ಸಡಿಲುತನವನ್ನು ತಿದ್ದಿದ್ದರೆ ಗ್ರಂಥವು ಹೆಚ್ಚು ಸುಂದರವಾಗಿ, ಕಡಮೆ ಸತ್ಯವಾಗುತ್ತಿತ್ತು.

ಇನ್ನೊಂದು ಸಂಗತಿಯೂ ಇಲ್ಲಿ ಸ್ಪಷ್ಟವಾಗುವುದು. ಮೆದುಳಿನ ಗಡ್ಡೆಯು ಒಬ್ಬನ ತಲೆಯಲ್ಲಿ ಬೆಳೆದರೂ ಅದರ ಕ್ಲೇಶವು ಒಬ್ಬನಲ್ಲಿಯೇ ನಿಲ್ಲುವುದಿಲ್ಲ. ಪಟ್ಟಿಯನ್ನು ರೋಗಿಯ ಮುಂದೆ ಮಾತ್ರ ಹಿಡಿದರೆ, ಮಂಚದ ಪಕ್ಕದಲ್ಲಿ ಕುಳಿತವನ ಕ್ಲೇಶವು ಲೆಕ್ಕಕ್ಕೆ ಬರುವುದಿಲ್ಲ. ಆರೈಕೆ ಮಾಡುವವರನ್ನೂ ವಿಚಾರಿಸಬೇಕೆಂದು ವೈದ್ಯರು ಈಗ ಹೇಳುತ್ತಿರುವುದನ್ನು ಈ ಗ್ರಂಥವು ಹೇಳದೆಯೇ ಹೇಳಿತ್ತು.

೬

ಈ ವಿಚಾರವು ಕನ್ನಡದ ವಿದ್ವಾಂಸರಿಗೆ ದೂರದ್ದೆಂದು ತೋರಬಹುದು. ವಸ್ತುಸ್ಥಿತಿಯು ಹಾಗಿಲ್ಲ. ೧೯೭೪ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ನಿಮ್ಹಾನ್ಸ್ ಸಂಸ್ಥೆಯನ್ನು ರಚಿಸಿದಂದಿನಿಂದ, ಮನೋರೋಗದ ವೈದ್ಯರೂ ಮೆದುಳಿನ ಶಸ್ತ್ರವೈದ್ಯರೂ ಒಂದೇ ಆವರಣದಲ್ಲಿ ಕೆಲಸಮಾಡುವ ಅನುಕೂಲವು ಕನ್ನಡನಾಡಿನಲ್ಲಿಯೇ ಒದಗಿದೆ. ೨೦೦೧ರ ೯ ಪ್ರಶ್ನೆಗಳ ಪಟ್ಟಿಯು ಕನ್ನಡದಲ್ಲಿಯೂ ಉಂಟು. ಪ್ರಶ್ನೆಯು ಕನ್ನಡದಲ್ಲಿ ಬಂದೊಡನೆ ಕನ್ನಡ ಪದಗಳ ಅರ್ಥವ್ಯಾಪ್ತಿಯ ಪ್ರಶ್ನೆಯೂ ಬಂದಂತಾಯಿತು.

‘ಸಂಕಟ’ ಎಂಬ ಮಾತನ್ನು ತೆಗೆದುಕೊಳ್ಳಬಹುದು. ಅದು ಕಷ್ಟವೂ ಹೌದು, ಮನಸ್ಸಿನ ನೋವೂ ಹೌದು, ಹೊಟ್ಟ್ಟೆ ತೊಳಸುವ ದೇಹಬಾಧೆಯೂ ಹೌದು. ‘ತಳಮಳ’ವು ಮನಸ್ಸಿಗೂ ಸಲ್ಲುವುದು, ಹೊಟ್ಟೆಗೂ ಸಲ್ಲುವುದು. ‘ಬೇಜಾರು’ ಎಂಬುದು ದುಃಖ, ಜುಗುಪ್ಸೆ, ಮುನಿಸು, ಕಾಲ ಹೋಗದಿರುವುದು ಇವೆಲ್ಲವನ್ನೂ ಒಳಗೊಂಡು ಯಾವುದೊಂದನ್ನೂ ಖಚಿತವಾಗಿ ಹೇಳದು. ಕರಾವಳಿಯವರು ಚಿಂತೆಗೆ ‘ತಲೆಬಿಸಿ’ ಎನ್ನುವರು. ಎಲ್ಲ ಕಡೆಯೂ ಉಪದ್ರವಕ್ಕೆ ‘ತಲೆನೋವು’ ಎನ್ನುವುದುಂಟು. ಮೆದುಳಿನಲ್ಲಿ ಗಡ್ಡೆಯಿರುವವನೊಬ್ಬನು ತನಗೆ ತಲೆಬಿಸಿಯಾಗಿದೆಯೆಂದರೆ, ಕೇಳುವವನು ಯಾವ ಊರಿನವನೆಂಬುದರ ಮೇಲೆ ಆ ಮಾತಿನ ಅರ್ಥವು ನಿಲ್ಲುವುದು. ಎದೆ ಭಾರವಾಯಿತು, ಹೊಟ್ಟೆ ಉರಿಯಿತು, ಕೈಕಾಲು ಬಿದ್ದುಹೋದುವು ಎಂದು ಶೋಕವನ್ನು ಅಂಗಾಂಗಗಳ ಮೂಲಕ ಹೇಳುವುದು ಈ ಭಾಷೆಯ ಹಳೆಯ ರೂಢಿ. ದೇಹದ ಲಕ್ಷಣಗಳನ್ನು ಪಟ್ಟಿಯಿಂದ ತೆಗೆದುಹಾಕುವುದು ಶಾಸ್ತ್ರದೃಷ್ಟಿಯಿಂದ ಸರಿಯಾದರೂ, ಹಾಗೆ ತೆಗೆದುಹಾಕುವಾಗ ಕನ್ನಡಿಗನು ದುಃಖವನ್ನು ಆಡುವ ಮಾತನ್ನೇ ತೆಗೆದುಹಾಕಿದಂತಾಗಬಹುದು. ಇದು ವೈದ್ಯರೊಬ್ಬರೇ ಬಗೆಹರಿಸತಕ್ಕ ತೊಡಕಲ್ಲ. ನಿಘಂಟುಕಾರರೂ ಉಪಭಾಷೆಗಳ ಅಭ್ಯಾಸಿಗಳೂ ಜೊತೆಗೆ ಕುಳಿತು ಯೋಚಿಸತಕ್ಕದ್ದು.

೭

ಹೀಗೆ ನೋಡಿದರೆ ಗ್ರಂಥಕ್ಕೂ ಪಟ್ಟಿಗೂ ವಿರೋಧವಿಲ್ಲ, ಕಾರ್ಯವಿಭಾಗವುಂಟು. ಗ್ರಂಥದ ಬಲವು ಅದರ ಆಳ. ಮುಚ್ಚಿದ ಕೈಯನ್ನು ಗುರುತಿಸುವುದು, ಉಪಚಾರದ ಉತ್ತರದ ಹಿಂದೆ ಕೇಳದಿರುವ ಧ್ವನಿಯನ್ನು ಕೇಳುವುದು, ಹಲವು ಸಾಕ್ಷ್ಯಗಳನ್ನು ಕೂಡಿಸಿ ಒಂದರ್ಥಕ್ಕೆ ಬರುವುದು ಇವು ಗ್ರಂಥಪಾಠದಿಂದ ಕಲಿಯತಕ್ಕ ವಿದ್ಯೆಗಳು. ಪಟ್ಟಿಯ ಬಲವು ಅದರ ಹರಹು. ಕಾರಿಂತಿಗೆ ಮಾತಿತ್ತು, ಕೀರ್ತಿಯಿತ್ತು, ಅವನ ರೋಗವನ್ನು ಕುರಿತು ಪತ್ರಿಕೆಗಳು ಬರೆಯುತ್ತಿದ್ದುವು. ಗುಂಥರನ ಮಗನಿಗೆ ಬರೆಯಬಲ್ಲ ತಂದೆಯಿದ್ದನು. ಇವರಿಬ್ಬರ ಕ್ಲೇಶಕ್ಕೆ ವಾಚಕರು ದೊರೆತರು. ಅದೇ ವರ್ಷಗಳಲ್ಲಿ ಅದೇ ರೋಗದಿಂದ ಸತ್ತ ಅಕ್ಷರವಿಲ್ಲದವರ, ಮಾತು ಬಿದ್ದುಹೋದವರ, ಹೇಳಿಕೊಳ್ಳುವುದು ಮರ್ಯಾದೆಯಲ್ಲವೆಂದು ಬಾಯಿಮುಚ್ಚಿದವರ ಕ್ಲೇಶವು ಯಾವ ಗ್ರಂಥಕ್ಕೂ ಏರಲಿಲ್ಲ. ಪಟ್ಟಿಯು ವಾಗ್ಮಿಯನ್ನೂ ಮೂಕನನ್ನೂ ಒಂದೇ ಸಮನಾಗಿ ವಿಚಾರಿಸುವುದು. ಅದರ ಶುಷ್ಕತೆಯೇ ಅದರ ನ್ಯಾಯ.

ಆದರೆ ವಿಚಾರಿಸಿ ಬಿಟ್ಟುಬಿಡುವುದಕ್ಕಿಂತ ವಿಚಾರಿಸದಿರುವುದೇ ಮೇಲು. ಅಂಕವು ಮಿತಿಯನ್ನು ಮೀರಿದ ಮೇಲೆ ಯಾರೂ ಬಂದು ಮಾತನಾಡದಿದ್ದರೆ, ರೋಗಿಗೆ ಮೊದಲಿದ್ದ ಕ್ಲೇಶದ ಮೇಲೆ ಉಪೇಕ್ಷೆಯ ಕ್ಲೇಶವೊಂದನ್ನು ಹೇರಿದಂತಾಗುವುದು. ಅಂಕವು ಸೊನ್ನೆಯಾದರೂ, ಕಥೆಯನ್ನು ನಡುವೆ ಕಡಿದು ಬೇರೆಡೆ ನೋಡುವವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರುವವನು ಬೇಕು. ಕಾವ್ಯದಲ್ಲಿ ಅವನಿಗೆ ಸಹೃದಯನೆಂದು ಹೆಸರು. ಚೆನ್ನಾಗಿದೆಯೆಂದು ತೆರೆದ ತಲೆಯ ರೋಗಿಯು ವಂದನೆಯೊಡನೆ ಹೇಳಿದಾಗ, ಆ ಮಾತನ್ನು ನಂಬದೆಯೂ ಅಲ್ಲಗಳೆಯದೆಯೂ ಅದರ ಧ್ವನಿಯನ್ನು ಅರಿಯಬಲ್ಲವನೇ ಸಹೃದಯ. ಅಂತಹವರನ್ನು ಬೆಳೆಸುವ ಕೆಲಸದಲ್ಲಿ ಸಾಹಿತ್ಯದ ಪಾಠಶಾಲೆಗೂ ಒಂದು ಪಾಲುಂಟೆಂಬುದನ್ನು ಈ ಎರಡು ಗ್ರಂಥಗಳು ಸಾರುತ್ತವೆ.